ಜರಡಿ ಹಿಡಿದವನ ಹೆಸರು

ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಂಡಿದ್ದೇನೆ: 8,500 ಮತ್ತು 7,70,000. ಎರಡೂ 1998ರವು. ಎರಡೂ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಕಚ್ಚಾ ವಜ್ರದ ಲೆಕ್ಕ. ಮೊದಲನೆಯದು ಆ ದೇಶದ ಸರ್ಕಾರ ರಫ್ತಾಯಿತೆಂದು ಬರೆದಿಟ್ಟ ಕ್ಯಾರೆಟ್‌ಗಳು. ಎರಡನೆಯದು ಅಲ್ಲಿಂದ ಬಂತೆಂದು ಬೆಲ್ಜಿಯಂನ ಆಂಟ್ವರ್ಪ್ ನಗರದ ವಜ್ರ ಮಂಡಳಿ ಬರೆದುಕೊಂಡ ಕ್ಯಾರೆಟ್‌ಗಳು. ಕಳುಹಿಸಿದವನ ಲೆಕ್ಕದಲ್ಲಿ ಒಂದು ಸೇರು, ತಲುಪಿದವನ ಮನೆಯಲ್ಲಿ ತೊಂಬತ್ತು ಸೇರು. ನನ್ನ ಹುಡುಕಾಟ ಶುರುವಾದದ್ದು ಈ ಅಂತರದಿಂದ.

ಇದನ್ನು ಮೊದಲು ಲೋಕಕ್ಕೆ ತೋರಿಸಿದವರು ಇಯಾನ್ ಸ್ಮೈಲಿ, ಲನ್ಸಾನಾ ಗ್ಬೆರಿ ಮತ್ತು ರಾಲ್ಫ್ ಹೇಝಲ್ಟನ್. ಪಾರ್ಟ್‌ನರ್‌ಶಿಪ್ ಆಫ್ರಿಕಾ ಕೆನಡಾ ಎಂಬ ಪುಟ್ಟ ಸಂಸ್ಥೆಗಾಗಿ ಅವರು ಬರೆದ ವರದಿ 2000ದ ಜನವರಿಯಲ್ಲಿ ಹೊರಬಂತು. ಅದನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೈಬೀರಿಯಾದ ಲೆಕ್ಕ. ಸಿಯೆರಾ ಲಿಯೋನಿನ ಪಕ್ಕದ ಈ ದೇಶ ಆಗ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರೆಟ್ ವಜ್ರ ತೆಗೆಯಬಲ್ಲದಾಗಿತ್ತು. ಐದು ವರ್ಷ ಬಿಡುವಿಲ್ಲದೆ ಅಗೆದರೂ ಏಳೂವರೆ ಲಕ್ಷ ದಾಟುತ್ತಿರಲಿಲ್ಲ. ಆಂಟ್ವರ್ಪ್‌ನ ಪುಸ್ತಕದಲ್ಲಾದರೋ 1994ರಿಂದ 1998ರವರೆಗೆ ಲೈಬೀರಿಯಾದ ಹೆಸರಿನಲ್ಲಿ 3.1 ಕೋಟಿ ಕ್ಯಾರೆಟ್‌ಗೂ ಹೆಚ್ಚು ಜಮೆಯಾಗಿತ್ತು.

ಇಷ್ಟು ದೊಡ್ಡ ಸುಳ್ಳು ಇಷ್ಟು ವರ್ಷ ಹೇಗೆ ನಡೆಯಿತು? ಉತ್ತರ ಇದ್ದದ್ದು ಆಮದು ಅರ್ಜಿಯ ಒಂದು ಕಾಲಮ್ಮಿನಲ್ಲಿ. ನಿಮ್ಮ ಊರು ಯಾವುದೆಂದು ಕೇಳಿದರೆ ಹುಟ್ಟೂರನ್ನೂ ಹೇಳಬಹುದು, ಈಗಷ್ಟೇ ಬಸ್ಸು ಹತ್ತಿದ ಊರನ್ನೂ ಹೇಳಬಹುದು. ಬೆಲ್ಜಿಯಂನಲ್ಲಿ ಬರೆದುಕೊಳ್ಳುತ್ತಿದ್ದದ್ದು ವಜ್ರ ಬಸ್ಸು ಹತ್ತಿದ ಊರನ್ನು. ಅದರ ಹುಟ್ಟೂರನ್ನು ಯಾರೂ ಕೇಳಲಿಲ್ಲ. ಹಾಗಾಗಿ ತೆರಿಗೆ ತಪ್ಪಿಸಿದ ಬೇರೆ ದೇಶಗಳ ಕಲ್ಲುಗಳೂ ಲೈಬೀರಿಯಾದ ಹೆಸರು ಹೊತ್ತು ಬಂದವು. ಅವುಗಳ ನಡುವೆ ಸಿಯೆರಾ ಲಿಯೋನಿನ ಬಂಡುಕೋರರು ಬಂದೂಕಿನ ಬೆಲೆಯಾಗಿ ತೆತ್ತ ಕಲ್ಲುಗಳೂ ಬಂದವು. ಮೇಜಿನ ಮೇಲೆ ಸುರಿದರೆ ಯಾವುದರ ಮೇಲೂ ರಕ್ತದ ಕಲೆ ಕಾಣುವುದಿಲ್ಲ.

ಬೆಲ್ಜಿಯಂನ ಲೆಕ್ಕಪುಸ್ತಕ ಬಿಟ್ಟು ಸಿಯೆರಾ ಲಿಯೋನಿನ ಹಳೆಯ ಅಂಕಿಗಳತ್ತ ತಿರುಗಿದೆ. ದೇಶದ ಪೂರ್ವಕ್ಕಿರುವ ಕೊನೊ ಜಿಲ್ಲೆಯಲ್ಲಿ ಮೊದಲ ವಜ್ರ ಸಿಕ್ಕಿದ್ದು 1930ರಲ್ಲಿ. ಐದೇ ವರ್ಷಕ್ಕೆ ಬ್ರಿಟಿಷ್ ಆಡಳಿತ ಸಿಯೆರಾ ಲಿಯೋನ್ ಸೆಲೆಕ್ಷನ್ ಟ್ರಸ್ಟ್ ಎಂಬ ಒಂದೇ ಕಂಪನಿಗೆ 99 ವರ್ಷಗಳ ಗುತ್ತಿಗೆ ಬರೆದುಕೊಟ್ಟಿತು. ಆದರೆ ಅಲ್ಲಿನ ವಜ್ರದಲ್ಲಿ ಹೆಚ್ಚಿನ ಪಾಲು ನದಿ ಹೊತ್ತು ತಂದು ಹರಡಿದ ಜಲ್ಲಿಯಲ್ಲಿದೆ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸಲಿಕೆ, ಬಕೆಟ್ಟು, ಜರಡಿ ಸಾಕು. ಮೇಲ್ಮಣ್ಣು ತೆಗೆದು ಜಲ್ಲಿಯನ್ನು ಗುಡ್ಡೆ ಹಾಕುತ್ತಾರೆ. ಮೊಣಕಾಲುದ್ದದ ಕೆಸರುನೀರಲ್ಲಿ ನಿಂತು ಜರಡಿಯನ್ನು ಗರಗರ ತಿರುಗಿಸುತ್ತಾರೆ. ಭಾರದ ಕಲ್ಲುಗಳು ನಡುವೆ ಬಂದು ಕೂರುತ್ತವೆ. ಜರಡಿಯನ್ನು ನೆಲಕ್ಕೆ ಬೋರಲು ಹಾಕಿ ಅಂಗೈಯಿಂದ ಸವರುತ್ತಾರೆ. ಬಹುಪಾಲು ದಿನ ಸಿಗುವುದು ಬರೀ ಕಲ್ಲು. ಹೀಗೆ ಅಗೆಯುವ ಹುಡುಗರಿಗೆ ಅಲ್ಲಿನ ಕ್ರಿಯೋ ಭಾಷೆಯಲ್ಲಿ ‘ಸಾನ್ ಸಾನ್’ ಹುಡುಗರೆನ್ನುತ್ತಾರೆ. ಸಾನ್ ಸಾನ್ ಎಂದರೆ ಮರಳು. ಬಂಡವಾಳ ಹಾಕಿದ ಧಣಿ ಊಟಕ್ಕೆ ಒಂದಿಷ್ಟು ಅಕ್ಕಿ ಕೊಡುತ್ತಾನೆ. ಕಲ್ಲು ಸಿಕ್ಕರೆ ಪಾಲು, ಸಿಗದಿದ್ದರೆ ಮರುದಿನ ಮತ್ತೆ ಜರಡಿ.

1970ರಲ್ಲಿ ಅಧಿಕೃತ ಉತ್ಪಾದನೆ ಸುಮಾರು 20 ಲಕ್ಷ ಕ್ಯಾರೆಟ್. 1988ರಲ್ಲಿ 48,000. ನೆಲ ಬರಿದಾಗಿತ್ತೇ ಎಂದು ಅನುಮಾನಪಟ್ಟೆ. ಇಲ್ಲ, ಕೊನೊದಲ್ಲಿ ಅಗೆತ ನಿಂತಿರಲಿಲ್ಲ. 1971ರಲ್ಲಿ ಸಿಯಾಕಾ ಸ್ಟೀವನ್ಸ್ ಸರ್ಕಾರ ಕಂಪನಿಯ ಹೆಚ್ಚಿನ ಪಾಲನ್ನು ರಾಷ್ಟ್ರೀಕರಣ ಮಾಡಿತು. ಹೆಸರು ರಾಷ್ಟ್ರದ್ದು, ಲಾಭ ಅಧಿಕಾರದ ಸುತ್ತ ಇದ್ದವರದ್ದು. ಕಲ್ಲು ಕಳ್ಳದಾರಿ ಹಿಡಿಯಿತು, ಖಜಾನೆ ಬತ್ತಿತು, ಶಾಲೆ ಆಸ್ಪತ್ರೆಗಳು ಸೊರಗಿದವು. ಕೆಲಸವಿಲ್ಲದ, ಓದಿಲ್ಲದ, ಸಿಟ್ಟಿನ ಒಂದು ತಲೆಮಾರು ಬೆಳೆದು ನಿಂತಿತು.

1991ರ ಮಾರ್ಚ್ 23ರಂದು ಲೈಬೀರಿಯಾದ ಗಡಿ ದಾಟಿ ರೆವಲ್ಯೂಷನರಿ ಯುನೈಟೆಡ್ ಫ್ರಂಟ್ ನುಗ್ಗಿತು. ನಾಯಕ ಫೋಡೆ ಸಂಕೋ, ಹಿಂದೆ ಸೈನ್ಯದಲ್ಲಿ ಕಾರ್ಪೋರಲ್ ಆಗಿದ್ದವನು. ಬೆಂಬಲಕ್ಕೆ ಲೈಬೀರಿಯಾದ ಬಂಡುನಾಯಕ ಚಾರ್ಲ್ಸ್ ಟೇಲರ್. ಬಡವರ ಹೆಸರಲ್ಲಿ ಶುರುವಾದ ಬಂಡಾಯ ಬಡವರ ಕೈಗಳನ್ನೇ ಕಡಿಯಿತು. ಕಾಯಬೇಕಾದ ಸೈನ್ಯದ ಕಥೆಯೋ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹಗಲು ಸೈನಿಕರಾಗಿ, ರಾತ್ರಿ ಬಂಡುಕೋರರಾಗಿ ಲೂಟಿ ಮಾಡಿದವರಿಗೆ ಜನ ಸೋಲ್ಜರ್, ರೆಬೆಲ್ ಎರಡನ್ನೂ ಬೆಸೆದು ‘ಸೋಬೆಲ್’ ಎಂದು ಹೆಸರಿಟ್ಟರು. ಸರ್ಕಾರ ಮತ್ತು ಬಂಡುಕೋರರ ನಡುವಿನ 1999ರ ಜುಲೈ 7ರ ಲೋಮೆ ಶಾಂತಿ ಒಪ್ಪಂದದ ಏಳನೇ ವಿಧಿ ತೆರೆದಾಗ ನನಗೆ ಕಣ್ಣು ನಂಬಲಾಗಲಿಲ್ಲ. ದೇಶದ ಖನಿಜ ಸಂಪತ್ತನ್ನು ನೋಡಿಕೊಳ್ಳಲು ಅದು ಒಂದು ಆಯೋಗ ರಚಿಸಿತ್ತು. ಅಧ್ಯಕ್ಷ ಪದವಿ ಸಂಕೋಗೆ, ಜೊತೆಗೆ ಉಪರಾಷ್ಟ್ರಪತಿಯ ಸ್ಥಾನಮಾನ.

ಆ ಶಾಂತಿ ವರ್ಷವೂ ಬಾಳಲಿಲ್ಲ. 2000ದ ಮೇ ತಿಂಗಳಲ್ಲಿ ಬಂಡುಕೋರರು ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಒತ್ತೆಯಾಳಾಗಿಟ್ಟುಕೊಂಡರು. ಕೈಲಾಹುನ್‌ನಲ್ಲಿ ಭಾರತದ ಗೂರ್ಖಾ ಯೋಧರು ಮುತ್ತಿಗೆಯಲ್ಲಿ ಸಿಕ್ಕಿಬಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡ ವರದಿ ಕೊಟ್ಟಿತು. ತಂಡದಲ್ಲಿ ಸ್ಮೈಲಿ ಇದ್ದರು, ಭಾರತದ ಹರ್ಜಿತ್ ಸಿಂಗ್ ಸಂಧು ಕೂಡ ಇದ್ದರು. ಬಂಡುಕೋರರ ವಜ್ರ ವ್ಯಾಪಾರ ವರ್ಷಕ್ಕೆ 2.5 ಕೋಟಿಯಿಂದ 12.5 ಕೋಟಿ ಡಾಲರ್ ಎಂದು ಅವರು ಅಂದಾಜಿಸಿದರು. ಇಷ್ಟು ವಜ್ರವಿದ್ದೂ 2000ದ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ 174 ದೇಶಗಳ ಪೈಕಿ ಸಿಯೆರಾ ಲಿಯೋನ್ 174ನೆಯದು.

ಕಾಗದದ ಲೆಕ್ಕ ಬಿಗಿಯಾದಾಗ ಏನಾಯಿತೆಂಬುದಕ್ಕೂ ಕಾಗದವೇ ಸಾಕ್ಷಿ. ಯುದ್ಧ ಮುಗಿದದ್ದು 2002ರ ಜನವರಿಯಲ್ಲಿ. ಪ್ರಮಾಣಪತ್ರವಿಲ್ಲದ ಕಚ್ಚಾ ವಜ್ರ ಗಡಿ ದಾಟಬಾರದೆಂಬ ಕಿಂಬರ್ಲಿ ವ್ಯವಸ್ಥೆ 2003ರ ಜನವರಿ 1ರಿಂದ ಜಾರಿಗೆ ಬಂತು. 1999ರಲ್ಲಿ ಸುಮಾರು 12 ಲಕ್ಷ ಡಾಲರ್ ಇದ್ದ ಸಿಯೆರಾ ಲಿಯೋನಿನ ಅಧಿಕೃತ ರಫ್ತು 2004ರಲ್ಲಿ 12.6 ಕೋಟಿ ಡಾಲರ್ ಮುಟ್ಟಿತು. ಇದು ಸಣ್ಣ ಗೆಲುವಲ್ಲ. ಆದರೆ ಕಿಂಬರ್ಲಿ ಕೇಳುವುದು ಒಂದೇ ಪ್ರಶ್ನೆ: ಈ ಕಲ್ಲು ಬಂಡುಕೋರರ ಯುದ್ಧಕ್ಕೆ ಹಣವಾಯಿತೇ? ತೆಗೆದವನು ಹೊಟ್ಟೆತುಂಬ ಉಂಡನೇ ಎಂದು ಕೇಳುವ ಕಾಲಮ್ಮು ಅದರಲ್ಲಿಲ್ಲ.

ಆ ಮನುಷ್ಯನನ್ನು ಹುಡುಕುತ್ತ, ಈ ಯುದ್ಧದ ಅಪರಾಧಗಳ ವಿಚಾರಣೆಗೆಂದು ರಚಿಸಿದ ವಿಶೇಷ ನ್ಯಾಯಾಲಯದ ತೀರ್ಪುಗಳಿಗೆ ಬಂದೆ. ಟೊಂಗೊ ಫೀಲ್ಡ್‌ನ ಸೈಬೋರ್ಗ್ ಎಂಬ ವಜ್ರದ ಗುಂಡಿಯಲ್ಲಿ, ಕೊನೊದ ಟೊಂಬೊಡುವಿನಲ್ಲಿ ಬಂದೂಕಿನ ಕಾವಲಿನಲ್ಲಿ ಕೂಲಿಯಿಲ್ಲದೆ ದುಡಿದವರ ಮಾತು ಅಲ್ಲಿದೆ. ಸೈಬೋರ್ಗ್‌ನಲ್ಲಿ ಅಗೆಯುತ್ತಿದ್ದವರ ಮೇಲೆ ಗುಂಡು ಹಾರಿಸಿದವರಲ್ಲಿ ಬಾಲಸೈನಿಕರೂ ಇದ್ದರು. ಟೇಲರ್‌ಗೆ 2012ರಲ್ಲಿ ಇದೇ ನ್ಯಾಯಾಲಯದಿಂದ 50 ವರ್ಷ ಸೆರೆವಾಸವಾಯಿತು. ಸಾಕ್ಷಿ ಹೇಳಿದ ಬಹಳಷ್ಟು ಜನರ ಹೆಸರು ತೀರ್ಪುಗಳಲ್ಲಿಲ್ಲ. ಅವರ ಜೀವ ಉಳಿಯಲೆಂದು ನ್ಯಾಯಾಲಯ ಹೆಸರಿನ ಜಾಗದಲ್ಲಿ ಸಂಖ್ಯೆ ಕೊಟ್ಟಿದೆ.

ಕೊನೆಗೆ ಕೈಗೆತ್ತಿಕೊಂಡಿದ್ದು 2004ರ ಸತ್ಯ ಮತ್ತು ಸಾಮರಸ್ಯ ಆಯೋಗದ ವರದಿ. ಯುದ್ಧಕ್ಕೆ ವಜ್ರವೇ ಮೂಲವೆಂದು ಅದು ಹೇಳಲಿಲ್ಲ. ದುರಾಸೆ, ಭ್ರಷ್ಟಾಚಾರ, ಸ್ವಜನಪಕ್ಷಪಾತ ಜನರ ಘನತೆ ಕಿತ್ತುಕೊಂಡವು, ವಜ್ರ ಆ ಬೆಂಕಿಗೆ ಎಣ್ಣೆಯಾಯಿತು ಎಂದಿತು. 20 ಲಕ್ಷದಿಂದ 48,000ಕ್ಕೆ ಇಳಿದ ಅಂಕಿ ಬಂದೂಕಿಗೂ ಮೊದಲು ಹೇಳಿದ್ದು ಇದನ್ನೇ.

ಆ ವರದಿಯ ಎರಡನೇ ಸಂಪುಟದಲ್ಲಿ ನೊಂದವರ ಪಟ್ಟಿಯಿದೆ. ಇಷ್ಟು ದಿನ ಓದಿದ ಪಟ್ಟಿಗಳಲ್ಲೆಲ್ಲ ಇದ್ದದ್ದು ಕ್ಯಾರೆಟ್ಟು, ಡಾಲರು, ದೇಶ. ಈ ಪಟ್ಟಿಯಲ್ಲಿ ಮಾತ್ರ ಮನುಷ್ಯರ ಹೆಸರುಗಳಿವೆ, ಪುಟದ ಮೇಲೆ ಪುಟ. ಇವರಲ್ಲಿ ಜರಡಿ ಹಿಡಿದವರು ಯಾರೆಂದು ಗುರುತಿಸುವಂತಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದೆ. ಆ ಸಂಜೆ ನೋಟ್‌ಬುಕ್ಕಿನಲ್ಲಿ ಒಂದೂ ಸಂಖ್ಯೆ ಬರೆಯಲಿಲ್ಲ.