ಹೋಸ್ ಪೈಪಿನ ನೀರು ಬಿಟ್ಟರೆ ತರಕಾರಿ ವಿಷವಾಗುತ್ತದೆಯೇ?

‘ಪ್ಲಾಸ್ಟಿಕ್ ಹೋಸಿನ ನೀರಿನಲ್ಲಿ ಸೀಸ ಇರುತ್ತದೆ, ಹಿತ್ತಲ ತರಕಾರಿಗೆ ಬಿಟ್ಟರೆ ವಿಷ ನೇರ ತಟ್ಟೆಗೆ’ ಎಂಬಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ನಮ್ಮ ಉತ್ತರ: ಅರ್ಧ ನಿಜ.

ಮೆತ್ತಗಿನ ಹಸಿರು ಹೋಸ್ ಪಿವಿಸಿಯದ್ದು. ಅದು ಚೆನ್ನಾಗಿ ಬಾಗಲೆಂದು ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಕೆಲವು ಪಿವಿಸಿಯಲ್ಲಿ, ಹಿತ್ತಾಳೆಯ ನಳಿಕೆಯಲ್ಲಿ ಸೀಸವೂ ಇರುತ್ತದೆ. ಬಿಸಿಲಿಗೆ ಕಾದ ಪೈಪಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಇವು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಹಾಗಾಗಿ ಮಕ್ಕಳು ಹೋಸಿಗೆ ಬಾಯಿಟ್ಟು ಕುಡಿಯುವುದು ಬೇಡ.

ಗಿಡದ ಕತೆ ಬೇರೆ. ಸೀಸ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಬೇರಿನಿಂದ ಕಾಯಿಯವರೆಗೆ ಏರುವುದು ತೀರಾ ಕಡಿಮೆ. ಬದನೆ, ಬೆಂಡೆ, ಹೀರೆ ತಿನ್ನಲು ಹೆದರಬೇಕಿಲ್ಲ. ಸೊಪ್ಪು, ಮೂಲಂಗಿಯನ್ನು ಮಣ್ಣು ಹೋಗುವಂತೆ ತೊಳೆದರೆ ಸಾಕು. ಸಕಲೇಶಪುರದ ಮಳೆಗೆ ಮಣ್ಣು ಹುಳಿಯಾಗುತ್ತದೆ, ಹುಳಿ ಮಣ್ಣಿನಲ್ಲಿ ಸೀಸದ ಹಿಡಿತ ಸಡಿಲ. ಕಾಫಿ ತೋಟಕ್ಕೆ ಹಾಕುವ ಸುಣ್ಣವನ್ನು ಹಿತ್ತಲಿಗೂ ಒಂದಿಷ್ಟು ಹಾಕಿ. ಸಸಿಗೆ ನಿಜಕ್ಕೂ ಪೆಟ್ಟು ಕೊಡುವುದು ಆ ನೀರಿನ ಬಿಸಿ. ಮಧ್ಯಾಹ್ನ ಹೋಸಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟಿರುತ್ತದೆ, ಅದನ್ನು ಅಂಗಳಕ್ಕೆ ಬಿಡಿ.

ಗುಡ್ಡದ ಒರತೆಯಿಂದ ಮನೆಗೆ ನೀರು ತರುವ ಕರಿ ಪೈಪ್ ಪಾಲಿಎಥಿಲೀನ್‌ನದ್ದು. ಅದಕ್ಕೆ ಥ್ಯಾಲೇಟ್ ಬೇಕಾಗುವುದಿಲ್ಲ.

ಇಷ್ಟೆಲ್ಲ ಹೆದರಿಸುವ ಫಾರ್ವರ್ಡ್ ನಿಜವಾದ ಅಪಾಯವನ್ನೇ ಬಿಟ್ಟಿದೆ. ಅದು ಔಷಧಿ ಡ್ರಮ್. ಸಕಲೇಶಪುರದಲ್ಲಿ ಕಾಫಿ, ಮೆಣಸಿಗೆ, ಆಲೂರಿನ ಕಡೆ ಶುಂಠಿಗೆ ಔಷಧಿ ಕಲೆಸುವಾಗ ಹೋಸಿನ ತುದಿಯನ್ನು ಡ್ರಮ್ಮಿನಲ್ಲಿ ಮುಳುಗಿಸಿ ಬೇರೆ ಕೆಲಸಕ್ಕೆ ಹೋಗುವುದುಂಟು. ಅಷ್ಟರಲ್ಲಿ ಮೇಲಿನ ಟ್ಯಾಂಕ್ ಖಾಲಿಯಾಯಿತು, ಇಳಿಜಾರಿನ ಕೆಳಗೆ ಯಾರೋ ನಲ್ಲಿ ತಿರುಗಿಸಿದರು ಎನ್ನಿ. ಲೈನಿನ ಒತ್ತಡ ಕುಸಿದು, ಬೈಕಿನಿಂದ ಪೆಟ್ರೋಲ್ ಎಳೆದಂತೆ, ಡ್ರಮ್ಮಿನಲ್ಲಿರುವುದು ಪೈಪಿನೊಳಗೆ ಹಿಂದಕ್ಕೆ ಹರಿಯುತ್ತದೆ. ಅದೇ ಲೈನ್ ಅಡುಗೆಮನೆಗೂ ಹೋಗಿರುತ್ತದೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವಾದರೆ ನೀಲಿ ಬಣ್ಣದಿಂದಲಾದರೂ ಗೊತ್ತಾದೀತು. ಎಲ್ಲ ಕೀಟನಾಶಕಕ್ಕೂ ಬಣ್ಣವಿರುವುದಿಲ್ಲ.

ತಡೆಯಲು ಖರ್ಚಿಲ್ಲ: ಹೋಸಿನ ತುದಿ ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲಿರಲಿ. ಔಷಧಿ ಹೊಡೆಯುವ ಹೋಸನ್ನು, ಎಷ್ಟೇ ತೊಳೆದಿದ್ದರೂ, ತರಕಾರಿ ಮಡಿಗೆ ತರಬೇಡಿ.