ಗುಮ್ಮನ ವಿಳಾಸ

ನಮ್ಮಜ್ಜಿಗೆ ಗುಮ್ಮ ಯಾರೆಂದು ಚೆನ್ನಾಗಿ ಗೊತ್ತಿತ್ತು. ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಬೀದಿಯಲ್ಲಿ ಹೋಗುವ, ನಮ್ಮೂರಿನವನಲ್ಲದ ಯಾರು ಬೇಕಾದರೂ ಆಗಬಹುದಿತ್ತು. ನಾನು ಊಟಕ್ಕೆ ಹಟ ಮಾಡಿದರೆ ಅವನನ್ನೇ ಕೂಗಿ ಕರೆಯುತ್ತಿದ್ದಳು. ಯಶೋದೆಯ ಮನೆಯಲ್ಲೂ ಇದೇ ಉಪಾಯ. ಪುರಂದರದಾಸರ ಕೀರ್ತನೆಯಲ್ಲಿ ಗುಮ್ಮನನ್ನು ಕರೆಯಬೇಡವೆಂದು ಬೇಡುವವನು ಸಾಕ್ಷಾತ್ ಕೃಷ್ಣ. ಮಕ್ಕಳ ಸುರಕ್ಷತೆಯ ಪಾಠ ನಮ್ಮಲ್ಲಿ ಅಷ್ಟು ಹಳೆಯದು. ಅಪಾಯ ಹೊರಗಿದೆ, ಮನೆಯೊಳಗೆ ಕ್ಷೇಮ ಎಂಬುದೇ ಅದರ ಸಾರ.

ವದಂತಿಗಳ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. 2018ರ ಪತ್ರಿಕೆಗಳನ್ನು ತಿರುವುವಾಗ ಈ ಗುಮ್ಮ ಮತ್ತೆ ಎದುರಾದ. ಆ ವರ್ಷ ವಾಟ್ಸಾಪಿನಲ್ಲಿ ಓಡಾಡಿದ ವಿಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹುಡುಗರು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟೇ. ಅದು ಪಾಕಿಸ್ತಾನದ ಕರಾಚಿಯಲ್ಲಿ ಪೋಷಕರ ಎಚ್ಚರಕ್ಕೆಂದೇ ತಯಾರಾದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಪಾಠ ಹೋಗಿ ಭಯ ಮಾತ್ರ ಉಳಿಯಿತು.

ಮೇ ತಿಂಗಳಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನೊಬ್ಬನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಎಂಜಿನಿಯರ್ ಒಬ್ಬರು ಗುಂಪಿನ ಕೈಗೆ ಸಿಕ್ಕಿ ಸತ್ತರು. ಆ ಗೆಳೆಯರು ಮಾಡಿದ ತಪ್ಪೆಂದರೆ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಗೋಬೇಡ ಎಂಬುದು ನಾವೆಲ್ಲ ಬಾಯಿಪಾಠ ಮಾಡಿದ ಮಾತು. ಆ ವರದಿ ಓದಿದ ದಿನ ನನಗೆ ಬೇರೇನೂ ಬರೆಯಲಾಗಲಿಲ್ಲ.

ಸರ್ಕಾರದ ಕಡತಗಳಲ್ಲಿರುವುದು ಬೇರೆಯದೇ ಕಥೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ವರದಿ ತಂದಿತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗುವಿನ ಹೊಣೆ ಹೊತ್ತವರು. 2012ರ ಮಕ್ಕಳ ದಿನಾಚರಣೆಯಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ಹೆಚ್ಚಿನ ಶಿಕ್ಷೆಗೆ ಗುರಿಯಾಗುವವರ ಪಟ್ಟಿಯಲ್ಲಿ ಪೊಲೀಸರಿದ್ದಾರೆ, ಶಾಲೆ-ಆಸ್ಪತ್ರೆಗಳ ಸಿಬ್ಬಂದಿ ಇದ್ದಾರೆ, ಧಾರ್ಮಿಕ ಸಂಸ್ಥೆಯವರಿದ್ದಾರೆ, ರಕ್ತಸಂಬಂಧಿಗಳಿದ್ದಾರೆ. ಗೋಣಿಚೀಲದವನನ್ನು ಯಾರೂ ಸೇರಿಸಿಲ್ಲ.

ಮೊನ್ನೆ ಅಕ್ಕ ತನ್ನ ಐದು ವರ್ಷದ ಮಗಳಿಗೆ ಹೇಳಿಕೊಡುತ್ತಿದ್ದಳು: “ಮಾವ ಆಗಲಿ, ಮೇಷ್ಟ್ರಾಗಲಿ, ಇದನ್ನ ಅಮ್ಮಂಗೆ ಹೇಳಬೇಡ ಅಂದ್ರೆ, ಅದನ್ನೇ ಮೊದಲು ಬಂದು ನಂಗೆ ಹೇಳು.”

ಅಜ್ಜಿಗೆ ಸಿಟ್ಟು ಬಂತು. “ಮನೆಯೋರ ಮೇಲೇ ಅನುಮಾನ ಕಲಿಸ್ತೀಯೇನೇ?”

ಅಕ್ಕ ಜಗಳಕ್ಕೆ ಹೋಗಲಿಲ್ಲ. ರಾತ್ರಿ ಅಡಿಕೆ ಕತ್ತರಿಸುತ್ತಾ ಅಜ್ಜಿಯೇ ಮಾತು ತೆಗೆದಳು. “ನಿಮ್ಮಮ್ಮ ಚಿಕ್ಕೋಳಿದ್ದಾಗ, ಆ ದೊಡ್ಡ ಮನೆಗೆ ಮದುವೆ ಮುಂಜಿಗೆ ಹೋದ್ರೆ, ಹೆಣ್ಮಕ್ಕಳನ್ನ ನಡುಮನೇಲಿ ಮಲಗಿಸ್ತಿರಲಿಲ್ಲ. ನಮ್ಮ ಪಕ್ಕದಲ್ಲೇ ಹಾಕ್ಕೋತಿದ್ವಿ.”

“ಯಾಕಜ್ಜಿ?”

“ಹೆಂಗಸರಿಗೆಲ್ಲ ಗೊತ್ತಿತ್ತು.”

ನನ್ನ ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು. ಹೆಸರು ಕೇಳಿದೆ. ಅಜ್ಜಿ ಅಡಕತ್ತರಿ ಮಡಿಸಿಟ್ಟು ಮಲಗಲು ಎದ್ದಳು.