ಸೆರೆಮನೆಯ ಹೊರಬಾಗಿಲು

ಸ್ವಾತಂತ್ರ್ಯಸಂಗ್ರಾಮದ ಕಥೆಯನ್ನು ಹೇಳುವಾಗ ಸೆರೆಮನೆಯನ್ನು ಹೊಕ್ಕವರ ಹೆಸರುಗಳನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ಅದು ಉಚಿತವೇ ಸರಿ. ಆದರೆ ಅವರನ್ನು ಕಾಣಲೆಂದು ಬುತ್ತಿ ಕಟ್ಟಿಕೊಂಡು ಹೊರಟು, ಬಿಸಿಲಿನಲ್ಲಿ ಹೊರಬಾಗಿಲಿನ ಮುಂದೆ ಕಾದು, ನಾಲ್ಕು ಮಾತನಾಡಿ ಮರಳಿದ ತಾಯಂದಿರು, ಮಡದಿಯರು, ಅಣ್ಣತಮ್ಮಂದಿರು ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಶಿಕ್ಷೆ ವಿಧಿಸಿದ ನ್ಯಾಯಾಧೀಶನು ಅವರ ಹೆಸರನ್ನು ಬರೆಯಲಿಲ್ಲ, ಇತಿಹಾಸಕಾರನೂ ಬರೆಯಲಿಲ್ಲ. ಈ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಒಂದೆರಡು ಪುಟಗಳನ್ನಾದರೂ ಅವರಿಗೆ ಮೀಸಲಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬಂದಿಯನ್ನು ಕಾಣಲು ಹೊರಡುವುದೆಂದರೆ ನೆಂಟರ ಮನೆಗೆ ಹೊರಟಂತಲ್ಲ. ಬ್ರಿಟಿಷ್ ಭಾರತದ ಸೆರೆಮನೆಗಳನ್ನು ಆಳಿದ ಕಾನೂನು 1894ರ ಕಾರಾಗೃಹಗಳ ಅಧಿನಿಯಮ. ವಿಚಾರಣೆ ಮುಗಿಯದ ಬಂದಿಗಳನ್ನು ತಕ್ಕ ವೇಳೆಯಲ್ಲಿ, ತಕ್ಕ ನಿರ್ಬಂಧಗಳೊಡನೆ ಕಾಣಲು ಏರ್ಪಾಡು ಇರಬೇಕೆಂದು ಅದರ 40ನೆಯ ಪ್ರಕರಣ ಹೇಳಿತು. ಶಿಕ್ಷೆ ಪಡೆದವರ ವಿಷಯವನ್ನು ಆ ಪ್ರಕರಣವು ಎತ್ತಲಿಲ್ಲ. ಅವರ ಭೇಟಿ ಸರ್ಕಾರ ರಚಿಸುವ ನಿಯಮಗಳಿಗೂ ಅಧಿಕಾರಿಯ ಮರ್ಜಿಗೂ ಸೇರಿದ್ದಾಯಿತು. ಮುಂದಿನ ಪ್ರಕರಣದಂತೆ, ಬಂದವರ ಹೆಸರು ವಿಳಾಸಗಳನ್ನು ಜೈಲರನು ಕೇಳಬಹುದು, ಸಂಶಯವಿದ್ದರೆ ಮೈತಪಾಸಣೆ ಮಾಡಿಸಬಹುದು, ಒಪ್ಪದವರಿಗೆ ಪ್ರವೇಶವಿಲ್ಲ. ಆದರೆ ಆ ತಪಾಸಣೆ ಬಂದಿಯ ಎದುರಿಗಾಗಲಿ, ಬೇರೆ ಸಂದರ್ಶಕರ ಎದುರಿಗಾಗಲಿ ನಡೆಯಕೂಡದು. ನಿಷಿದ್ಧ ವಸ್ತುವನ್ನು ಒಳಗೆ ಸಾಗಿಸಿದವರಿಗೆ 6 ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ.

ಅಕ್ಷರ ಬಾರದ ಮನೆಯವರಿಗೆ ಇವೆಲ್ಲ ಹೇಗೆ ತಿಳಿಯಬೇಕು? ಅರ್ಜಿ ಬರೆಯಲು ಒಬ್ಬರು ಬೇಕು, ಜೊತೆಗೆ ಹೋಗಲು ಮತ್ತೊಬ್ಬರು ಬೇಕು, ಒಂದು ದಿನದ ಕೂಲಿ ಬಿಡಬೇಕು, ಪ್ರಯಾಣದ ಹಣ ಕೂಡಿಸಬೇಕು. ಪ್ರೀತಿಯಿಂದ ಮಾಡಿದ ತಿಂಡಿಯನ್ನು ಬಾಗಿಲಲ್ಲಿಯೇ ಬಿಟ್ಟುಬರಬೇಕಾದೀತು. ಎಲ್ಲಕ್ಕಿಂತ ಕಷ್ಟವಾದ ಸಿದ್ಧತೆಯೆಂದರೆ ಮನಸ್ಸಿನದು. ಕಾವಲಿನ ಅಧಿಕಾರಿಯ ಕಿವಿಗೆ ಬೀಳುವಂತೆ ಆಡಬೇಕಾದ ಆ ಅಲ್ಪಕಾಲದ ಮಾತಿನಲ್ಲಿ ಯಾವುದನ್ನು ಹೇಳುವುದು, ಯಾವುದನ್ನು ನುಂಗಿಕೊಳ್ಳುವುದು? ಮನೆಯ ಸಾಲ, ಮಗುವಿನ ಜ್ವರ ಇವನ್ನೆಲ್ಲ ಹೇಳಿ ಒಳಗಿರುವವನ ಎದೆಗುಂದಿಸಬಹುದೆ?

ಸೆರೆಮನೆಯೊಳಗೂ ಅಂತಸ್ತುಗಳಿದ್ದುವು. ರಾಜಕೀಯ ಬಂದಿಗಳಿಗೆ ಮನುಷ್ಯೋಚಿತ ನಡವಳಿಕೆ ಬೇಕೆಂದು ಲಾಹೋರಿನ ಜೈಲಿನಲ್ಲಿ 63 ದಿನ ಉಪವಾಸವಿದ್ದು ಜತೀಂದ್ರನಾಥ ದಾಸರು 1929ರ ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟರು. ಅನಂತರ 1930ರಲ್ಲಿ ಎ, ಬಿ, ಸಿ ಎಂಬ ಮೂರು ದರ್ಜೆಗಳು ಬಂದುವು. ಮೇಲಿನ ದರ್ಜೆಯವರಿಗೆ ಭೇಟಿ, ಪತ್ರಗಳ ಅವಕಾಶ ಹೆಚ್ಚು. ಸಾಮಾನ್ಯರಿಗೆ ದೊರೆತದ್ದು ಸಿ ದರ್ಜೆ, ಅಲ್ಲಿ ಒಂದು ಭೇಟಿಗೂ ಮತ್ತೊಂದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ. ಹೀಗೆ ಬಂದಿಯ ದರ್ಜೆಯೇ ಹೊರಗೆ ಕಾಯುವ ತಾಯಿಯ ದರ್ಜೆಯೂ ಆಯಿತು.

ಹಾಗೆಂದು ದೊಡ್ಡ ಮನೆತನದವರಿಗೆ ಅವಮಾನ ತಪ್ಪಿತೆ? ಅದೂ ಇಲ್ಲ. 1932ರಲ್ಲಿ ಜವಾಹರಲಾಲ ನೆಹರೂ ಅವರ ತಾಯಿ ಸ್ವರೂಪರಾಣಿಯವರೂ ಪತ್ನಿ ಕಮಲಾ ಅವರೂ ಅಳಿಯ ರಣಜಿತ ಪಂಡಿತರನ್ನು ಕಾಣಲು ಅಲಹಾಬಾದಿನ ಜೈಲಿಗೆ ಹೋದಾಗ, ಜೈಲರನು ಅವರನ್ನು ಅವಮಾನಿಸಿ ಹೊರಗೆ ಕಳುಹಿಸಿದನು. ಸುದ್ದಿಯನ್ನು ಕೇಳಿದ ನೆಹರೂ ಅವರು, ತಮ್ಮನ್ನು ಕಾಣಲು ಬಂದು ತಾಯಿ ಮತ್ತೆ ಅಂತಹ ಮಾತಿಗೆ ಗುರಿಯಾಗುವುದು ಬೇಡವೆಂದು ಭೇಟಿಗಳನ್ನೇ ತ್ಯಜಿಸಿದರು. ಡೆಹರಾಡೂನಿನ ಜೈಲಿನಲ್ಲಿ ಸುಮಾರು 7 ತಿಂಗಳ ಕಾಲ ಅವರು ತಮ್ಮವರ ಮುಖವನ್ನು ನೋಡಲಿಲ್ಲ. ಬಂದಿಯ ಮಾನವೂ ಅವನನ್ನು ಕಾಣಬಂದವರ ಮಾನವೂ ಬೇರೆಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಹಳ್ಳಿ. ಜಮೀನುದಾರರ ವಿರುದ್ಧ ಎದ್ದಿದ್ದ ರೈತರು 1941ರ ಮಾರ್ಚ್ 28ರಂದು ಮೆರವಣಿಗೆ ನಡೆಸಿದಾಗ, ಜನರ ಕೈಗೆ ಸಿಕ್ಕ ಪೊಲೀಸ್ ಪೇದೆಯೊಬ್ಬನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಸತ್ತನು. ಆ ಪೇದೆಗೂ ಒಂದು ಮನೆಯಿತ್ತೆಂಬುದನ್ನು ನಾವು ಮರೆಯಕೂಡದು. ಹಳ್ಳಿಯ ಹಲವಾರು ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಮಂಗಳೂರಿನ ಸೆಷನ್ಸ್ ನ್ಯಾಯಾಲಯವು 1942ರ ಫೆಬ್ರವರಿಯಲ್ಲಿ ಐವರಿಗೆ ಮರಣದಂಡನೆ ವಿಧಿಸಿತು. ಅವರಲ್ಲಿ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಯಕ್ಕೆ ಬಾರದವನಾದ್ದರಿಂದ ಗಲ್ಲಿನಿಂದ ಉಳಿದನು. ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರಿಗೆ ಮದರಾಸಿನ ಹೈಕೋರ್ಟಿನಲ್ಲಾಗಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಾಗಲಿ ಕ್ಷಮೆ ದೊರೆಯಲಿಲ್ಲ.

ಕಯ್ಯೂರಿನ ಆ ಮನೆಗಳನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ವಿಚಾರಣೆ ನಡೆದದ್ದು ಉತ್ತರದ ಮಂಗಳೂರಿನಲ್ಲಿ. ಗಲ್ಲಿನ ಮನೆಯಿದ್ದದ್ದು ದಕ್ಷಿಣದ ಕಣ್ಣೂರಿನಲ್ಲಿ, 1869ರಲ್ಲಿ ಕಟ್ಟಿದ ಸೆಂಟ್ರಲ್ ಜೈಲಿನೊಳಗೆ. ಕಡಲತೀರದ ರೈಲು 1907ರಲ್ಲಿಯೇ ಮಂಗಳೂರನ್ನು ಮುಟ್ಟಿತ್ತು, ನಿಜ. ಆದರೆ ಗೇಣಿಯ ರೈತನಿಗೆ ರೈಲಿನ ಟಿಕೆಟ್ಟೂ ಒಂದು ಹೊರೆಯೇ. ಮನೆಯ ಮಾತು ಒಂದು, ನ್ಯಾಯಾಲಯದ ಮಾತು ಇನ್ನೊಂದು, ಕೊನೆಯ ತೀರ್ಪು ಬಂದದ್ದು ಏಳು ಸಮುದ್ರಗಳಾಚೆಯಿಂದ. ಮುಂದಿನ ಭೇಟಿ ಇದೆಯೋ ಇಲ್ಲವೋ ಎಂದು ತಿಳಿಯದೆ ಮಗನನ್ನು ಕಾಣಹೊರಡುವ ತಾಯಿ ಯಾವ ಸಿದ್ಧತೆಯನ್ನು ಮಾಡಿಕೊಂಡಾಳು?

ಗಲ್ಲಿಗೆ ಮುನ್ನ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಗಳಾಗಿದ್ದ ಪಿ. ಸಿ. ಜೋಶಿಯವರು ಪಿ. ಸುಂದರಯ್ಯನವರೊಡನೆ ಕಣ್ಣೂರಿಗೆ ಬಂದು ಆ ತರುಣರನ್ನು ಕಂಡರು. ಜೋಶಿಯವರು ಆ ಭೇಟಿಯ ವೃತ್ತಾಂತವನ್ನು ಬರೆದು ಪ್ರಕಟಿಸಿದರು. ನಾಯಕರ ಭೇಟಿ ಹೀಗೆ ಅಚ್ಚಿನಲ್ಲಿ ಉಳಿಯಿತು. ಮನೆಯವರ ಅಳಲು ಮನೆಯಲ್ಲಿಯೇ ಉಳಿಯಿತು. 1943ರ ಮಾರ್ಚ್ 29ರಂದು ನಾಲ್ವರನ್ನೂ ಗಲ್ಲಿಗೇರಿಸಲಾಯಿತು. 1955ರಲ್ಲಿ ನಿರಂಜನರು ‘ಚಿರಸ್ಮರಣೆ’ ಎಂಬ ಕಾದಂಬರಿಯಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದರು. ಮಲೆಯಾಳದ ಮಾತನಾಡುವ ರೈತರ ಸಂಕಟವನ್ನು ಕನ್ನಡವು ತನ್ನದೆಂದು ಬರೆದುಕೊಂಡದ್ದು, ಗಡಿಯಲ್ಲಿ ಬಾಳುವ ನಮಗೆ ಹೆಮ್ಮೆಯ ಸಂಗತಿ. ಮರುವರ್ಷವೇ, 1956ರಲ್ಲಿ, ರಾಜ್ಯಗಳ ಮೇರೆ ಬದಲಾಯಿತು. ನೆರೆಯವರ ದುಃಖ ಮೇರೆಯನ್ನು ಅರಿಯದು.

ಸ್ವರಾಜ್ಯ ಬಂದ ಮಾತ್ರಕ್ಕೆ ಹೊರಬಾಗಿಲಿನ ಕಾಯುವಿಕೆ ಮುಗಿಯಲಿಲ್ಲ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸಾವಿರಾರು ಜನ ಬಂಧನದಲ್ಲಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕಳೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಆದರೂ ಕಾಲ ಒಂದು ಹೆಜ್ಜೆ ಮುಂದಿಟ್ಟಿದೆ. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಬಂದಿನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ಕೊಟ್ಟ ತೀರ್ಪು ಸ್ಮರಣೀಯವಾದುದು. ತಿಂಗಳಿಗೊಂದೇ ಭೇಟಿಯೆಂಬ ನಿಯಮವನ್ನು ನ್ಯಾಯಾಲಯ ತಳ್ಳಿಹಾಕಿತು. ಮನೆಯವರನ್ನೂ ಸ್ನೇಹಿತರನ್ನೂ ಕಾಣುವುದು ಸಂವಿಧಾನದ 21ನೆಯ ಅನುಚ್ಛೇದ ಕಾಯುವ ಜೀವನದ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು, ಸಂದರ್ಶಕರ ತಪಾಸಣೆ ಅವರ ಮಾನವನ್ನು ಕುಂದಿಸಕೂಡದೆಂದು ವಿಧಿಸಿದುವು. 1894ರಲ್ಲಿ ದಯೆಯಾಗಿದ್ದುದು ಹೀಗೆ ಹಕ್ಕಾಯಿತು. ಆ ಹಕ್ಕಿನ ಹಿಂದೆ ಬಿಸಿಲಿನಲ್ಲಿ ಕಾದು ನಿಂತ ಅಸಂಖ್ಯ ಹೆಸರಿಲ್ಲದವರ ಸಹನೆಯಿದೆ.

ನಮ್ಮ ವಾಚಕರಲ್ಲಿ ಎರಡು ಬಿನ್ನಹಗಳು. ನಿಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಜೈಲಿನ ಮುದ್ರೆಯಿರುವ ಕಾಗದವೊಂದು ಇದ್ದರೆ ಅದನ್ನು ಗೆದ್ದಲಿಗೆ ಬಿಡಬೇಡಿ; ಕಾಣಹೋದವರು ಯಾರು, ಏನನ್ನು ಒಯ್ದರು, ಏನು ಮಾತನಾಡಿದರು ಎಂಬುದನ್ನು ಮನೆಯ ಮುದುಕಿಯರಿಂದ ಕೇಳಿ ಬರೆದಿಡಿ. ಎರಡನೆಯದಾಗಿ, ಇಂದು ನಿಮ್ಮ ಊರಿನ ಒಬ್ಬ ತಾಯಿ ಅಂತಹ ಬಾಗಿಲಿಗೆ ಹೊರಟಿದ್ದರೆ, ಮಗನ ತಪ್ಪೇನೆಂದು ಅವಳನ್ನು ಕೇಳಬೇಡಿ. ತಪ್ಪನ್ನು ವಿಚಾರಿಸಲು ನ್ಯಾಯಾಲಯವಿದೆ. ನೀವು ಅವಳ ಅರ್ಜಿಯನ್ನು ಬರೆದುಕೊಡಿ, ಗುರುತಿನ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ನೆನಪಿಸಿ, ಸಾಧ್ಯವಾದರೆ ಬಸ್ಸಿನವರೆಗೆ ಜೊತೆಗೆ ನಡೆಯಿರಿ.